ವೆಲ್ಡಿಂಗ್ ಮೆಷಿನ್, ಎಸಿ, ಇಂಡಕ್ಷನ್ ಒಲೆ: ಇವುಗಳೊಳಗಿನ ಸ್ವಿಚ್ ಮತ್ತು ಪ್ರೊಫೆಸರ್ ಬಾಳಿಗಾ

ಗಲ್ಫಿನ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಹೆಗಲಿಗೆ ಹಾಕಿಕೊಂಡು ಹೋಗುವ ಸಣ್ಣ ವೆಲ್ಡಿಂಗ್ ಮೆಷಿನ್ ನೋಡಿರುತ್ತೀರಿ. ಹಲವು ಮೆಷಿನ್‌ಗಳ ಮೈಮೇಲೆ ದಪ್ಪ ಅಕ್ಷರದಲ್ಲಿ ‘ಐಜಿಬಿಟಿ’ ಎಂದು ಬರೆದಿರುತ್ತದೆ. ಹಿಂದೆ ಇದೇ ಕೆಲಸಕ್ಕೆ ಇಬ್ಬರು ಸೇರಿ ಎತ್ತಬೇಕಾದ, ಚಕ್ರ ಹಾಕಿ ಎಳೆಯಬೇಕಾದ ಟ್ರಾನ್ಸ್‌ಫಾರ್ಮರ್ ಮೆಷಿನ್ ಬೇಕಿತ್ತು. ಇನ್ನು ಎಸಿ ಟೆಕ್ನೀಷಿಯನ್‌ಗಳನ್ನು ಕೇಳಿ. ಇನ್ವರ್ಟರ್ ಎಸಿ ಕೈಕೊಟ್ಟಾಗ ಹೊರಗಿನ ಯೂನಿಟ್ ಬಿಚ್ಚಿ, ಮೀಟರ್ ಹಿಡಿದು ನೋಡಿ, “ಐಪಿಎಂ ಹೋಗಿದೆ, ಬೋರ್ಡ್ ಬದಲಿಸಬೇಕು” ಎನ್ನುತ್ತಾರೆ. ಆ ಐಪಿಎಂ ಮಾಡ್ಯೂಲಿನ ಒಳಗೂ ಸಾಮಾನ್ಯವಾಗಿ ಇರುವುದು ಅದೇ ಐಜಿಬಿಟಿ, ಆರು ಆರರ ಗುಂಪಿನಲ್ಲಿ. ರೂಮಿನಲ್ಲಿ ಅನ್ನ ಬೇಯಿಸುವ ಇಂಡಕ್ಷನ್ ಒಲೆಯ ಒಳಗೂ ಅದೇ.

ಐಜಿಬಿಟಿ ಅಂದರೆ ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್. ಸರಳವಾಗಿ ಹೇಳಬೇಕೆಂದರೆ ದೊಡ್ಡ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಬಲ್ಲ ಸಿಲಿಕಾನ್ ಸ್ವಿಚ್. ಇದನ್ನು ಬಳಕೆಗೆ ಬರುವ ಹಾಗೆ ರೂಪಿಸಿ, ಕಾರ್ಖಾನೆಯಲ್ಲಿ ತಯಾರಾಗುವಂತೆ ಮಾಡಿದವರು ಬಂಟ್ವಾಳ ಜಯಂತ ಬಾಳಿಗಾ. ಕರಾವಳಿಯವರಿಗೆ ಹೆಸರು ಹೇಳಿದರೆ ಸಾಕು, ಬೇರು ಎಲ್ಲಿಯದು ಎಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದು ಈಗ ನಿವೃತ್ತರಾಗಿದ್ದಾರೆ.

ನಾನು ಎಂಜಿನಿಯರ್ ಅಲ್ಲ, ಬಿಕಾಂ ಓದಿ ಲೆಕ್ಕ ಬರೆಯುವವನು. ಕಂಪನಿಯ ಕರೆಂಟ್ ಬಿಲ್ಲುಗಳು ತಿಂಗಳು ತಿಂಗಳು ನನ್ನ ಟೇಬಲ್ ಮೇಲೆ ಬರುತ್ತವೆ. ಹಾಗಾಗಿ ಈ ಮನುಷ್ಯನ ವೃತ್ತಿಜೀವನವನ್ನು ಒಬ್ಬ ಅಕೌಂಟೆಂಟ್ ಕಣ್ಣಿನಿಂದಲೇ ನೋಡಿದ್ದೇನೆ. ವಿಜ್ಞಾನ ಎಷ್ಟು ಬೇಕೋ ಅಷ್ಟು, ಉಳಿದದ್ದು ಲೆಕ್ಕ.

ಜಾಲಹಳ್ಳಿಯಿಂದ ಅಮೆರಿಕಕ್ಕೆ

ಬಾಳಿಗಾ ಹುಟ್ಟಿದ್ದು 1948ರ ಏಪ್ರಿಲ್ 28ರಂದು ಮದರಾಸಿನಲ್ಲಿ. ಬೆಳೆದದ್ದು ಬೆಂಗಳೂರಿನ ಹೊರಗಿದ್ದ ಜಾಲಹಳ್ಳಿಯಲ್ಲಿ. ತಂದೆ ಬಿ.ವಿ. ಬಾಳಿಗಾ ದೇಶದ ಹೆಸರಾಂತ ಎಲೆಕ್ಟ್ರಿಕಲ್ ಎಂಜಿನಿಯರ್. ನಮ್ಮ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿಯ ಮುಖ್ಯಸ್ಥರಾಗಿದ್ದವರು. ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆಮೇಲೆ ಐಐಟಿ ಮದ್ರಾಸ್ ಸೇರಿ 1969ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಬಿಟೆಕ್ ಮುಗಿಸಿದರು.

ಮುಂದಿನ ಓದು ಅಮೆರಿಕದಲ್ಲಿ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿರುವ ರೆನ್‌ಸೆಲೇರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ನಲ್ಲಿ 1971ರಲ್ಲಿ ಎಂಎಸ್, 1974ರಲ್ಲಿ ಪಿಎಚ್‌ಡಿ. ಪಾಲಿಟೆಕ್ನಿಕ್ ಎಂದ ಕೂಡಲೇ ನಮ್ಮ ಡಿಪ್ಲೊಮಾ ಕಾಲೇಜು ಎಂದುಕೊಳ್ಳಬೇಡಿ, ಅದು ಹಳೆಯ, ದೊಡ್ಡ ಎಂಜಿನಿಯರಿಂಗ್ ವಿಶ್ವವಿದ್ಯಾಲಯ.

ಇಲ್ಲಿಯವರೆಗೆ ಕಥೆ ಸಲೀಸಾಗಿ ನಡೆದಂತೆ ಕಾಣುತ್ತದೆ. ಒಳ್ಳೆಯ ಮನೆ, ಒಳ್ಳೆಯ ಶಾಲೆ, ಒಳ್ಳೆಯ ಮಾರ್ಕ್ಸು. ನಮ್ಮಲ್ಲಿ ಬಹುತೇಕರಿಗೆ ಇಂಥ ಆರಂಭ ಸಿಕ್ಕಿಲ್ಲ. ಆದರೆ ಪಿಎಚ್‌ಡಿ ಮುಗಿದ ಮೇಲೆ ಬಂದ ತೊಂದರೆ ನಮಗೆಲ್ಲ ಚೆನ್ನಾಗಿ ಗೊತ್ತಿರುವುದೇ: ವೀಸಾ.

ವೀಸಾ ಕೇಳಿದ ಪ್ರಶ್ನೆ

ಆಗ ಎಲೆಕ್ಟ್ರಾನಿಕ್ಸ್‌ನಲ್ಲಿ ಎಲ್ಲರ ಕಣ್ಣೂ ಐಸಿ ಚಿಪ್‌ಗಳ ಮೇಲೆ. ಕಂಪ್ಯೂಟರ್, ಕ್ಯಾಲ್ಕುಲೇಟರ್ ಎಂದು ಹೊಸ ಲೋಕವೇ ತೆರೆದುಕೊಳ್ಳುತ್ತಿತ್ತು. ಬಾಳಿಗಾ ಅವರಿಗೂ ಅಂಥ ಕೆಲಸ ನಡೆಯುವ ದೊಡ್ಡ ಸಂಶೋಧನಾ ಲ್ಯಾಬ್‌ಗೆ ಸೇರುವ ಆಸೆ. ಆದರೆ ಕೈಯಲ್ಲಿದ್ದದ್ದು ಸ್ಟೂಡೆಂಟ್ ವೀಸಾ. ಅದರ ಮೇಲೆ ಇಂಟರ್‌ವ್ಯೂ ಸಿಗುವುದೇ ಕಷ್ಟವಾಯಿತು. ಕೊನೆಗೆ ದಾರಿ ತೆರೆದದ್ದು ಜನರಲ್ ಎಲೆಕ್ಟ್ರಿಕ್, ಅಂದರೆ ಜಿಇ ಕಂಪನಿಯ ಸ್ಕೆನೆಕ್ಟಡಿ ಊರಿನ ಸಂಶೋಧನಾ ಕೇಂದ್ರದಲ್ಲಿ. ಕೆಲಸ ಪವರ್ ಸೆಮಿಕಂಡಕ್ಟರ್‌ಗಳದ್ದು. ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟ್ ತಡೆದುಕೊಳ್ಳುವ ಬಿಡಿಭಾಗಗಳು. ಐಸಿ ಪಕ್ಕದಲ್ಲಿ ನಿಲ್ಲಿಸಿದರೆ ಹೊಳಪಿಲ್ಲದ ಕ್ಷೇತ್ರ. 1974ರಲ್ಲಿ ಅಲ್ಲಿ ಸೇರಿದರು.

ಬೇಕಾದ ಕೆಲಸ ಸಿಗದೆ ಸಿಕ್ಕಿದ ಕೆಲಸಕ್ಕೆ ಸೇರಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ ಹೇಳಿ? ಡಿಗ್ರಿ ಒಂದು, ವೀಸಾದಲ್ಲಿ ಬರೆದ ಹುದ್ದೆ ಇನ್ನೊಂದು. ಬಾಳಿಗಾ ಆ ಸಿಕ್ಕಿದ ಕೆಲಸದಲ್ಲೇ ಮುಳುಗಿದರು. ಉಳಿದವರು ಹೆಚ್ಚು ಗಮನ ಕೊಡದ ಜಾಗದಲ್ಲಿ ಪರಿಹಾರವಾಗದ ಒಂದು ದೊಡ್ಡ ಸಮಸ್ಯೆ ಹಾಗೇ ಬಿದ್ದಿತ್ತು.

ಸಮಸ್ಯೆ ಏನು?

ಊರಿನ ಹಳೇ ಮನೆಗಳಲ್ಲಿದ್ದ ಫ್ಯಾನ್ ರೆಗ್ಯುಲೇಟರ್ ನೆನಪಿದೆಯಾ? ಗೋಡೆಗೆ ಹೊಡೆದ ದೊಡ್ಡ ಡಬ್ಬಿ, ಮುಟ್ಟಿದರೆ ಬಿಸಿ. ಫ್ಯಾನ್ ನಿಧಾನ ತಿರುಗಲಿ ಎಂದು ಒಳಗಿನ ತಂತಿ ಸುರುಳಿಯಲ್ಲಿ ಸ್ವಲ್ಪ ವೋಲ್ಟೇಜ್ ನುಂಗಿಸಿಬಿಡುತ್ತಿದ್ದರು. ನುಂಗಿದ್ದು ಶಾಖವಾಗಿ ಹೋಗುತ್ತಿತ್ತು. ಗಾಳಿ ಕಡಿಮೆಯಾದರೂ ಬಿಲ್ ಅಷ್ಟೇನೂ ಇಳಿಯುತ್ತಿರಲಿಲ್ಲ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಲೆಕ್ಕ ಹಾಕಿ. 300 ವೋಲ್ಟ್ ಇದೆ, 10 ಆಂಪಿಯರ್ ಹರಿಯುತ್ತಿದೆ, ನಮಗೆ ಬೇಕಾದ್ದು ಅರ್ಧ ವೋಲ್ಟೇಜ್ ಮಾತ್ರ. ಹಳೇ ರೆಗ್ಯುಲೇಟರ್ ದಾರಿಯಲ್ಲಿ ಹೋದರೆ 150 ವೋಲ್ಟನ್ನು ಮಧ್ಯದಲ್ಲೇ ಸುಡಬೇಕು. 150 ಗುಣಿಸು 10, ಅಂದರೆ 1,500 ವ್ಯಾಟ್ ಬರೀ ಬಿಸಿ. ಒಂದು ಇಸ್ತ್ರಿಪೆಟ್ಟಿಗೆಯನ್ನು ಸುಮ್ಮನೆ ಆನ್ ಮಾಡಿಟ್ಟ ಹಾಗೆ.

ಇನ್ನೊಂದು ದಾರಿ ಇದೆ. ಒಂದು ಸ್ವಿಚ್ಚನ್ನು ಬಹಳ ವೇಗವಾಗಿ ಆನ್-ಆಫ್ ಮಾಡುವುದು. ಅರ್ಧ ಸಮಯ ಆನ್, ಅರ್ಧ ಸಮಯ ಆಫ್ ಆದರೆ ಸರಾಸರಿಯಲ್ಲಿ ಅರ್ಧ ವೋಲ್ಟೇಜ್ ಸಿಕ್ಕಿತು. ಆಫ್ ಇದ್ದಾಗ ಕರೆಂಟೇ ಇಲ್ಲ, ಹಾಗಾಗಿ ನಷ್ಟ ಇಲ್ಲವೆನ್ನಬಹುದು. ಆನ್ ಇದ್ದಾಗ ಸ್ವಿಚ್ಚಿನ ಮೇಲೆ 2 ವೋಲ್ಟ್ ಬಿತ್ತು ಎಂದಿಟ್ಟುಕೊಂಡರೂ ನಷ್ಟ 20 ವ್ಯಾಟ್ ಮಾತ್ರ. ಆನ್-ಆಫ್ ಆಗುವ ಗಳಿಗೆಯಲ್ಲಿ ಇನ್ನಷ್ಟು ಸೇರುತ್ತದೆ, ಆದರೂ 1,500ಕ್ಕೆ ಹೋಲಿಸಿದರೆ ಚಿಲ್ಲರೆ.

ಈ ವಿಷಯ ಎಂಜಿನಿಯರ್‌ಗಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಅಂಥ ಸ್ವಿಚ್ ಎಲ್ಲಿಂದ ತರುವುದು ಎಂಬುದು. 1970ರ ದಶಕದ ಕೊನೆಗೆ ಅವರ ಮುಂದೆ ಎರಡು ಆಯ್ಕೆಗಳಿದ್ದವು, ಎರಡಕ್ಕೂ ಒಂದೊಂದು ಕೊರತೆ.

ಒಂದು, ಬೈಪೋಲಾರ್ ಟ್ರಾನ್ಸಿಸ್ಟರ್. ದೊಡ್ಡ ಕರೆಂಟ್ ಹೊರುತ್ತದೆ. ಆದರೆ ಆನ್ ಆಗಿರಬೇಕೆಂದರೆ ಅದಕ್ಕೂ ಕರೆಂಟ್ ಕೊಡುತ್ತಲೇ ಇರಬೇಕು. ದೊಡ್ಡ ವೋಲ್ಟೇಜಿನ ಟ್ರಾನ್ಸಿಸ್ಟರ್ ಆದರೆ ಹತ್ತು ಆಂಪಿಯರ್ ಹರಿಸಲು ಒಂದು ಆಂಪಿಯರ್‌ನಷ್ಟು ಅದರ ಕೈಗೇ ಕೊಡಬೇಕಾಗುತ್ತಿತ್ತು. ಅದನ್ನು ಕೊಡಲು ಇನ್ನೊಂದಷ್ಟು ಸರ್ಕ್ಯೂಟ್, ಇನ್ನೊಂದಷ್ಟು ಖರ್ಚು, ಇನ್ನೊಂದಷ್ಟು ರಿಪೇರಿ. ಕೆಲಸಗಾರನಿಗಿಂತ ಅವನನ್ನು ನೋಡಿಕೊಳ್ಳುವ ಸೂಪರ್‌ವೈಸರ್‌ಗೇ ಸಂಬಳ ಜಾಸ್ತಿ ಅನ್ನುವ ಪರಿಸ್ಥಿತಿ.

ಎರಡು, ಮಾಸ್‌ಫೆಟ್. ಇದರ ಗೇಟಿಗೆ ವೋಲ್ಟೇಜ್ ತೋರಿಸಿದರೆ ಸಾಕು, ಆನ್ ಆಗುತ್ತದೆ. ಕರೆಂಟ್ ಉಣಿಸುತ್ತಾ ಕೂರಬೇಕಿಲ್ಲ. ವೇಗವೂ ಹೆಚ್ಚು. ಆದರೆ ತಡೆಯಬೇಕಾದ ವೋಲ್ಟೇಜ್ ಏರಿದ ಹಾಗೆ ಇದರ ಒಳಗಿನ ರೆಸಿಸ್ಟೆನ್ಸ್ ವಿಪರೀತ ಏರುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ರೆಸಿಸ್ಟೆನ್ಸ್ ಐದಾರು ಪಟ್ಟು. ಸಣ್ಣ ಕೆಲಸಕ್ಕೆ ಅಚ್ಚುಕಟ್ಟು, ಮೋಟಾರು ಓಡಿಸುವ ಕೆಲಸಕ್ಕೆ ಬಹಳ ದುಬಾರಿ.

ಎರಡನ್ನೂ ಒಂದರಲ್ಲಿ

ಜಿಇ ಕಂಪನಿಗೆ ಆಗ ಹೀಟ್ ಪಂಪ್‌ಗಳ ಮೋಟಾರಿನ ವೇಗ ಬದಲಿಸುವ ಡ್ರೈವ್ ಬೇಕಿತ್ತು. ಹೀಟ್ ಪಂಪ್ ಅಂದರೆ ಚಳಿ ದೇಶದ ಎಸಿ ಎನ್ನಿ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ. ಬಾಳಿಗಾ ಮೊದಲೇ, 1979ರಲ್ಲಿ, ಮಾಸ್ ಗೇಟ್‌ನಿಂದ ಬೈಪೋಲಾರ್ ಮಾದರಿಯ ಕರೆಂಟನ್ನು ನಿಯಂತ್ರಿಸುವ ಸಾಧನದ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. 1980ರಲ್ಲಿ ಹೊಸ ಸ್ವಿಚ್ಚಿನ ಪ್ರಸ್ತಾವ ಮುಂದಿಟ್ಟರು. ಬಾಗಿಲಲ್ಲಿ ಮಾಸ್‌ಫೆಟ್, ಹೊಟ್ಟೆಯಲ್ಲಿ ಬೈಪೋಲಾರ್. ತೆರೆಯಲು ಮುಚ್ಚಲು ಸಣ್ಣ ವೋಲ್ಟೇಜ್ ಸಾಕು, ಒಳಗೆ ಮಾತ್ರ ದೊಡ್ಡ ಹೊಳೆಯೇ ಹರಿಯಬಹುದು.

ಕೆಳಗಿನ ಪದರದಿಂದ ಹೆಚ್ಚುವರಿ ಚಾರ್ಜ್‌ಗಳು ಒಳಗೆ ನುಗ್ಗಿ ಸಿಲಿಕಾನನ್ನು ತುಂಬಿಕೊಳ್ಳುತ್ತವೆ, ಹಾಗಾಗಿ ರೆಸಿಸ್ಟೆನ್ಸ್ ಬೀಳುತ್ತದೆ. ಇದೇ ಇದರ ಗುಟ್ಟು, ಇದೇ ಇದರ ತಲೆನೋವು ಕೂಡ. ತೊಂದರೆಗಳು ಎರಡಿದ್ದವು.

ಮೊದಲನೆಯದು, ಒಳಗಿನ ಪದರಗಳು ಸೇರಿ ತಾವೇ ಇನ್ನೊಂದು ಸಾಧನದ ಹಾಗೆ ವರ್ತಿಸಿ ‘ಲ್ಯಾಚ್’ ಆಗಿಬಿಡುವ ಅಪಾಯ. ಲ್ಯಾಚ್ ಆದರೆ ಗೇಟ್ ಎಷ್ಟು ಹೇಳಿದರೂ ಸ್ವಿಚ್ ಆಫ್ ಆಗುವುದಿಲ್ಲ, ಸುಟ್ಟುಹೋಗುತ್ತದೆ. ಇದು ನಡೆಯುವ ಕೆಲಸವಲ್ಲ ಎಂದವರೂ ಇದ್ದರು. ಬಾಳಿಗಾ ಪದರಗಳ ವಿನ್ಯಾಸದಲ್ಲೇ ಇದಕ್ಕೆ ದಾರಿ ಮಾಡಿದರು.

ಎರಡನೆಯದು, ಒಳಗೆ ತುಂಬಿದ ಚಾರ್ಜ್ ಹೊರಗೆ ಹೋಗಲು ಹೊತ್ತು ಹಿಡಿಯುತ್ತದೆ, ಸ್ವಿಚ್ ನಿಧಾನವಾಗುತ್ತದೆ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಚಾರ್ಜ್ ಬೇಗ ಕರಗುವಂತೆ ಮಾಡಬಹುದು, ಆದರೆ ಆ ಕಿರಣದಿಂದ ಸೂಕ್ಷ್ಮವಾದ ಗೇಟ್ ಹಾಳಾಗುತ್ತದೆ. ಕಿರಣ ಹಾಯಿಸಿದ ಮೇಲೆ ಚಿಪ್ಪನ್ನು ಹದವಾಗಿ ಬಿಸಿ ಮಾಡಿದರೆ ಗೇಟಿನ ಗಾಯ ವಾಸಿಯಾಗುತ್ತದೆ, ವೇಗ ಮಾತ್ರ ಉಳಿಯುತ್ತದೆ ಎಂದು ಬಾಳಿಗಾ ತೋರಿಸಿದರು. ಕಿರಣದ ಪ್ರಮಾಣ ಬದಲಿಸಿ ಒಂದೇ ಚಿಪ್ಪಿನಿಂದ ನಿಧಾನದ್ದು, ವೇಗದ್ದು ಎಂದು ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಸ್ವಿಚ್ ಮಾಡಬಹುದಾಯಿತು.

ಅಕೌಂಟೆಂಟ್ ಆಗಿ ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ವಿಷಯ. ಪ್ರಸ್ತಾವ ಜಿಇ ಮುಖ್ಯಸ್ಥ ಜಾಕ್ ವೆಲ್ಚ್ ಅವರವರೆಗೆ ಹೋಗಿ ಒಪ್ಪಿಗೆ ಪಡೆಯಿತು. ಇದಕ್ಕಾಗಿ ಹೊಸ ಕಾರ್ಖಾನೆ ಕಟ್ಟಿ ಎಂದು ಬಾಳಿಗಾ ಕೇಳಲಿಲ್ಲ. ಕಂಪನಿಯಲ್ಲಿ ಮಾಸ್‌ಫೆಟ್ ತಯಾರಾಗುತ್ತಿದ್ದ ಲೈನಿನಲ್ಲೇ ಇದೂ ತಯಾರಾಗುವ ಹಾಗೆ ವಿನ್ಯಾಸ ಮಾಡಿದರು. ಹಾಗಾಗಿ ಹತ್ತು ತಿಂಗಳ ಒಳಗೆ ಚಿಪ್ ಕೈಗೆ ಬಂತು. ಬಂಡವಾಳ ಕಡಿಮೆ, ಸಮಯ ಕಡಿಮೆ. ಎಷ್ಟೋ ಒಳ್ಳೆಯ ಐಡಿಯಾಗಳು ವಿಜ್ಞಾನ ತಪ್ಪಾಗಿ ಸಾಯುವುದಿಲ್ಲ, ಬಜೆಟ್ ಮೀಟಿಂಗಿನಲ್ಲಿ ಸಾಯುತ್ತವೆ. ಇದು ಸಾಯಲಿಲ್ಲ. 1983ರಲ್ಲಿ ಜಿಇ ಇದನ್ನು ಮಾರುಕಟ್ಟೆಗೆ ತಂದಿತು.

ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಈ ದಾರಿಯಲ್ಲಿ ನಡೆದವರು ಅವರೊಬ್ಬರೇ ಅಲ್ಲ. ಜಪಾನಿನಲ್ಲಿ 1968ರಲ್ಲೇ ಹತ್ತಿರದ ಕಲ್ಪನೆಗೆ ಪೇಟೆಂಟ್ ಅರ್ಜಿ ಬಿದ್ದಿತ್ತು. ಆರ್‌ಸಿಎ ಕಂಪನಿಯ ಬೆಕೆ ಮತ್ತು ವೀಟ್ಲಿ 1980ರಲ್ಲಿ ಅರ್ಜಿ ಹಾಕಿ 1982ರಲ್ಲಿ ಪೇಟೆಂಟ್ ಪಡೆದರು. ಲ್ಯಾಚ್ ಭಯವನ್ನು ಸಂಪೂರ್ಣ ತೊಡೆದುಹಾಕಿದ ಮಾದರಿಯನ್ನು 1984ರಲ್ಲಿ ತೋರಿಸಿದ್ದು ತೋಷಿಬಾದ ನಕಗಾವಾ ತಂಡ. ಬಾಳಿಗಾ ಅವರ ಪಾಲು ಏನೆಂದರೆ, ಸಾಧನವನ್ನು ರೂಪಿಸಿ, ಕೆಲಸ ಮಾಡುತ್ತದೆಂದು ತೋರಿಸಿ, ತಯಾರಿಕೆಯ ದಾರಿ ಕಂಡುಹಿಡಿದು, ಬಳಕೆಗೆ ಇಳಿಸಿದ್ದು. ಕಾಗದದ ಮೇಲಿನ ನಕ್ಷೆಗೂ ವಾಸವಿರುವ ಮನೆಗೂ ಇರುವ ವ್ಯತ್ಯಾಸ ಅದು.

ನಮ್ಮ ಎಸಿಯಲ್ಲಿ ಅದು ಮಾಡುವ ಕೆಲಸ

ಹಳೆಯ ಎಸಿಯ ಕಂಪ್ರೆಸರ್‌ಗೆ ಗೊತ್ತಿರುವುದು ಎರಡೇ: ಪೂರ್ತಿ ಓಡು, ಇಲ್ಲವೇ ನಿಲ್ಲು. ರೂಮ್ ತಣ್ಣಗಾದರೆ ‘ಟಕ್’ ಎಂದು ನಿಲ್ಲುತ್ತದೆ, ಬಿಸಿಯಾದರೆ ಮತ್ತೆ ಪೂರ್ತಿ ವೇಗದಲ್ಲಿ ಶುರು. ಮೋಟಾರಿನ ವೇಗ ಲೈನಿನಲ್ಲಿ ಬರುವ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿರುತ್ತದೆ. ದುಬೈಯಲ್ಲಿ 50 ಹರ್ಟ್ಸ್, ಸೌದಿಯಲ್ಲಿ 60.

ಇನ್ವರ್ಟರ್ ಎಸಿ ಲೈನಿನ ಕರೆಂಟನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಆರು ಐಜಿಬಿಟಿಗಳು ಸೇರಿ ಆ ಡಿಸಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಬೇಕಾದ ಫ್ರೀಕ್ವೆನ್ಸಿಯ ಹೊಸ ಎಸಿ ಕರೆಂಟ್ ತಯಾರಿಸುತ್ತವೆ. ಫ್ರೀಕ್ವೆನ್ಸಿ ಇಳಿಸಿದರೆ ಮೋಟಾರ್ ನಿಧಾನ, ಏರಿಸಿದರೆ ಜೋರು. ರೂಮ್ ತಣ್ಣಗಾದ ಮೇಲೆ ಕಂಪ್ರೆಸರ್ ನಿಲ್ಲದೆ ನಿಧಾನಕ್ಕೆ ಓಡುತ್ತಾ ತಂಪನ್ನು ಕಾಯ್ದುಕೊಳ್ಳುತ್ತದೆ.

ದೊಡ್ಡ ಕಟ್ಟಡಗಳ ಫ್ಯಾನ್ ಮತ್ತು ಪಂಪುಗಳಲ್ಲಿ ಇದರ ಲಾಭ ಇನ್ನೂ ಹೆಚ್ಚು. ಫ್ಯಾನ್ ತಿರುಗಿಸಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ವೇಗ 80 ಪರ್ಸೆಂಟಿಗೆ ಇಳಿದರೆ ಶಕ್ತಿ 0.8 ಗುಣಿಸು 0.8 ಗುಣಿಸು 0.8, ಸುಮಾರು 51 ಪರ್ಸೆಂಟ್. ವೇಗ ಐದನೇ ಒಂದು ಪಾಲು ಕಡಿಮೆ, ಕರೆಂಟ್ ಹೆಚ್ಚುಕಡಿಮೆ ಅರ್ಧ. 10 ಕಿಲೋವ್ಯಾಟ್ ಫ್ಯಾನ್ ದಿನಕ್ಕೆ ಹತ್ತು ಗಂಟೆ ಹೀಗೆ ಓಡಿದರೆ ದಿನಕ್ಕೆ ಸುಮಾರು 49 ಯೂನಿಟ್, ವರ್ಷಕ್ಕೆ 17,800 ಯೂನಿಟ್ ಉಳಿತಾಯ. ಇದು ಪುಸ್ತಕದ ಲೆಕ್ಕ, ನಿಜದ ಕಟ್ಟಡದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಿದ್ದರೂ ಒಂದು ಟವರಿನಲ್ಲಿ ಅಂಥ ಎಷ್ಟು ಫ್ಯಾನ್‌ಗಳಿವೆ ಎಂದು ನಿಮ್ಮ ಮೇಂಟೆನೆನ್ಸ್ ಗೆಳೆಯರನ್ನು ಕೇಳಿ ನೋಡಿ.

ಮರುಭೂಮಿಯ ಸೋಲಾರ್ ಪಾರ್ಕುಗಳಲ್ಲಿ ಪ್ಯಾನೆಲ್‌ಗಳ ಡಿಸಿ ಕರೆಂಟನ್ನು ಗ್ರಿಡ್ಡಿಗೆ ಹೊಂದುವ ಎಸಿ ಮಾಡಲು ಇಂಥ ಸ್ವಿಚ್‌ಗಳೇ ಬೇಕು. ಇಂದಿನ ಎಲೆಕ್ಟ್ರಿಕ್ ರೈಲುಗಳಲ್ಲಿ, ಪೆಟ್ರೋಲ್ ಕಾರಿನ ಇಗ್ನಿಷನ್‌ನಲ್ಲಿ, ಏರ್‌ಪೋರ್ಟ್ ಗೋಡೆಯಲ್ಲಿ ನೇತುಹಾಕಿರುವ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಸಣ್ಣ ಯಂತ್ರಗಳಲ್ಲಿ ಇದರ ಕೈವಾಡವಿದೆ.

ನಲವತ್ತರಲ್ಲಿ ಮತ್ತೆ ಮೊದಲಿಂದ

ಇಷ್ಟೆಲ್ಲ ಆದ ಮೇಲೆ ಬಾಳಿಗಾ ಜಿಇ ಕಂಪನಿಯಲ್ಲೇ ರಾಜನ ಹಾಗೆ ನಿವೃತ್ತರಾಗಿರಬೇಕು ಅಂದುಕೊಳ್ಳುತ್ತೀರಿ. ಆದದ್ದು ಬೇರೆ. 1988ರಲ್ಲಿ ಜಿಇ ತನ್ನ ಸೆಮಿಕಂಡಕ್ಟರ್ ವ್ಯವಹಾರವನ್ನೇ ಹ್ಯಾರಿಸ್ ಎಂಬ ಇನ್ನೊಂದು ಕಂಪನಿಗೆ ಮಾರಿಬಿಟ್ಟಿತು. ಯಾವ ಕಂಪನಿಯ ಒಳಗೆ ಈ ಸ್ವಿಚ್ ಹುಟ್ಟಿತೋ ಆ ಕಂಪನಿಗೇ ಅದು ಬೇಡವಾಯಿತು.

ಆಗ ಅವರಿಗೆ ನಲವತ್ತು ವರ್ಷ. ಕಂಪನಿ ಡಿವಿಷನ್ ಮುಚ್ಚಿತು, ಪ್ರಾಜೆಕ್ಟ್ ಮುಗಿಯಿತು, ಇನ್ನೊಬ್ಬರು ಕೊಂಡರು ಎಂಬ ಸುದ್ದಿ ಆ ವಯಸ್ಸಿನಲ್ಲಿ ಕೇಳುವುದು ಹೇಗಿರುತ್ತದೆ ಎಂದು ಇಲ್ಲಿ ಹತ್ತು-ಹದಿನೈದು ವರ್ಷ ದುಡಿದವರಿಗೆ ವಿವರಿಸಬೇಕಿಲ್ಲ. ಮಕ್ಕಳ ಫೀಸು, ಊರಿನ ಸಾಲ, ಮುಂದಿನ ವೀಸಾ ಎಲ್ಲ ಒಟ್ಟಿಗೆ ಕಣ್ಣಮುಂದೆ ಬರುತ್ತದೆ. ಬಾಳಿಗಾ ಅವರಿಗೆ ನಮ್ಮಷ್ಟು ಬಿಕ್ಕಟ್ಟು ಇರಲಿಲ್ಲ ಎನ್ನೋಣ, ಅವರ ಹೆಸರು ಆಗಲೇ ಕ್ಷೇತ್ರದಲ್ಲಿ ದೊಡ್ಡದು. ಆದರೂ ಕೈಯಲ್ಲಿ ಏನು ಉಳಿಯಿತು ಎಂದು ನೋಡಿ. ನೌಕರ ಮಾಡಿದ ಆವಿಷ್ಕಾರದ ಪೇಟೆಂಟ್ ಕಂಪನಿಗೆ ಸೇರುತ್ತದೆ. ಅದು ಅಲ್ಲಿಯ ಪದ್ಧತಿ. ಲ್ಯಾಬ್ ಕಂಪನಿಯದು, ಮೆಷಿನ್ ಕಂಪನಿಯದು. ಜೊತೆಗೆ ಬಂದದ್ದು ತಲೆಯೊಳಗಿದ್ದದ್ದು ಮಾತ್ರ.

ಅದನ್ನೇ ಬಂಡವಾಳ ಮಾಡಿಕೊಂಡು ಅದೇ ವರ್ಷ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿ ಸೇರಿದರು. 1991ರಲ್ಲಿ ಅಲ್ಲಿ ಪವರ್ ಸೆಮಿಕಂಡಕ್ಟರ್ ರಿಸರ್ಚ್ ಸೆಂಟರ್ ಕಟ್ಟಿದರು. ಪಾಠ, ಸಂಶೋಧನೆ, ಪುಸ್ತಕ, ಸಣ್ಣ ಕಂಪನಿಗಳನ್ನು ಹುಟ್ಟುಹಾಕುವುದು, ಹೀಗೆ ಮೂರು ದಶಕ ಕಳೆಯಿತು. ಅವರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಅಮೆರಿಕನ್ ಪೇಟೆಂಟ್‌ಗಳಿವೆ. ಅವರು ಬರೆದ ಪಠ್ಯಪುಸ್ತಕಗಳನ್ನು ಓದಿಕೊಂಡು ಈ ಕ್ಷೇತ್ರಕ್ಕೆ ಬಂದವರು ಬಹಳ ಮಂದಿ.

ಅಲ್ಲಿ ಅವರು ಕೈಗೆತ್ತಿಕೊಂಡ ಮುಖ್ಯ ಕೆಲಸ ತಮ್ಮದೇ ಐಜಿಬಿಟಿಯನ್ನು ಹಳತು ಮಾಡುವಂಥದ್ದು! ಸಿಲಿಕಾನ್‌ಗಿಂತ ಒಳ್ಳೆಯ ವಸ್ತು ಯಾವುದು ಎಂದು ಅಳೆಯಲು ಅವರು ಜಿಇಯಲ್ಲಿದ್ದಾಗಲೇ ಒಂದು ಸೂತ್ರ ಕೊಟ್ಟಿದ್ದರು. ಅದನ್ನು ಇಂದಿಗೂ ‘ಬಾಳಿಗಾ ಫಿಗರ್ ಆಫ್ ಮೆರಿಟ್’ ಎನ್ನುತ್ತಾರೆ. ನಾವು ಬ್ಯಾಲೆನ್ಸ್ ಶೀಟ್ ನೋಡಿ ಕಂಪನಿಗಳನ್ನು ಹೋಲಿಸಲು ರೇಶಿಯೋ ಬಳಸುತ್ತೇವಲ್ಲ, ಹಾಗೆ ಅವರು ವಸ್ತುಗಳನ್ನು ಹೋಲಿಸಲು ಒಂದು ಅಂಕಿ ಕಟ್ಟಿದರು. ಅದರ ಪ್ರಕಾರ ಸಿಲಿಕಾನ್ ಕಾರ್ಬೈಡ್‌ನಂಥ ವಸ್ತುಗಳು ನೂರಾರು ಪಟ್ಟು ಉತ್ತಮವಾಗಬಲ್ಲವು. 1992ರಲ್ಲಿ ಅವರ ತಂಡ ಸಿಲಿಕಾನ್ ಕಾರ್ಬೈಡ್‌ನಿಂದ 400 ವೋಲ್ಟ್ ತಡೆಯುವ ಡಯೋಡ್ ಮಾಡಿ ತೋರಿಸಿತು. ಇಂದು ಟೆಸ್ಲಾ ಮಾಡೆಲ್ 3ರಂಥ ಎಲೆಕ್ಟ್ರಿಕ್ ಕಾರುಗಳ ಮೋಟಾರ್ ಓಡಿಸುತ್ತಿರುವುದು ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳು.

ಲಾಭ ಯಾರ ಖಾತೆಗೆ?

ಈಗ ನನ್ನ ವೃತ್ತಿಯ ಪ್ರಶ್ನೆ. ಇಷ್ಟು ದೊಡ್ಡ ಕೆಲಸದ ಲಾಭ ಎಲ್ಲಿ ಜಮೆಯಾಯಿತು?

ಐಜಿಬಿಟಿಯಿಂದ 30 ವರ್ಷಗಳಲ್ಲಿ ಜಗತ್ತು ಗಾಳಿಗೆ ಬಿಡದೆ ಉಳಿಸಿದ ಕಾರ್ಬನ್ ಡೈಆಕ್ಸೈಡ್ 82 ಗಿಗಾಟನ್‌ಗಿಂತ ಹೆಚ್ಚು ಎಂಬ ಅಂದಾಜಿದೆ. ನಮ್ಮ ಲೆಕ್ಕದಲ್ಲಿ 8,200 ಕೋಟಿ ಟನ್. ಇಡೀ ಮನುಷ್ಯಕುಲ ಸುಮಾರು ಮೂರು ವರ್ಷ ಬಿಡುವಷ್ಟು ಹೊಗೆ. ಇದು ಅಂದಾಜೇ, ಮೀಟರ್ ಹಾಕಿ ಅಳೆದದ್ದಲ್ಲ. ಖರ್ಚಾದದ್ದನ್ನು ಅಳೆಯಬಹುದು, ಖರ್ಚಾಗದೆ ಉಳಿದದ್ದನ್ನು ಲೆಕ್ಕದಿಂದಲೇ ಊಹಿಸಬೇಕು.

ಉಳಿತಾಯದ ಕಷ್ಟ ಇರುವುದೇ ಇಲ್ಲಿ. ಬಿಲ್ಲಿನಲ್ಲಿ ಬಳಸಿದ ಯೂನಿಟ್ ಬರುತ್ತದೆ, ಬಳಸದೆ ಉಳಿದ ಯೂನಿಟ್‌ಗೆ ಕಾಲಂ ಇಲ್ಲ. ಮನೆಯಲ್ಲಿ ಅಮ್ಮ, ಹೆಂಡತಿ ಅಕ್ಕಿ-ಬೇಳೆಯಲ್ಲಿ ಉಳಿಸಿದ್ದು ಯಾರ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲವಲ್ಲ, ಹಾಗೆ. ಬಾಳಿಗಾ ಅವರ ಇಡೀ ವೃತ್ತಿಜೀವನ ಆ ಕಾಣದ ಕಾಲಂನಲ್ಲಿದೆ. ಬಲ್ಬ್ ಕಂಡುಹಿಡಿದವನ ಹೆಸರು ಮಕ್ಕಳಿಗೂ ಗೊತ್ತು, ಬಲ್ಬ್ ಉರಿಯುವುದು ಕಣ್ಣಿಗೆ ಕಾಣುತ್ತದೆ. ಕರೆಂಟ್ ಪೋಲಾಗದಂತೆ ನೋಡಿಕೊಂಡ ಚಿಪ್ ಮಾತ್ರ ಹೀಟ್‌ಸಿಂಕ್ ಹಿಂದೆ ಅಡಗಿ ಕೂತಿರುತ್ತದೆ. ಸಾಲದ್ದಕ್ಕೆ, ಪೈಪೋಟಿ ಕಂಪನಿಗಳಿಗೆ ತಿಳಿಯಬಾರದೆಂದು ಜಿಇ ಶುರುವಿನಲ್ಲಿ ವಿವರಗಳನ್ನು ಹೊರಗೆ ಬಿಟ್ಟಿರಲಿಲ್ಲ.

ಮನ್ನಣೆ ತಡವಾಗಿ ಬಂತು, ಆದರೆ ಬಂತು. 2011ರಲ್ಲಿ ಅಧ್ಯಕ್ಷ ಒಬಾಮಾ ಕೈಯಿಂದ ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಟೆಕ್ನಾಲಜಿ ಅಂಡ್ ಇನ್ನೋವೇಶನ್. 2014ರಲ್ಲಿ ಐಇಇಇ ಸಂಸ್ಥೆಯ ಅತ್ಯುನ್ನತ ಮೆಡಲ್ ಆಫ್ ಆನರ್. 2015ರಲ್ಲಿ ರಷ್ಯಾದ ಗ್ಲೋಬಲ್ ಎನರ್ಜಿ ಪ್ರಶಸ್ತಿ. 2016ರಲ್ಲಿ ಅಮೆರಿಕದ ಇನ್ವೆಂಟರ್ಸ್ ಹಾಲ್ ಆಫ್ ಫೇಮ್. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ, ಮೊತ್ತ ಹತ್ತು ಲಕ್ಷ ಯೂರೋ. ಆಗ ಅವರಿಗೆ 76 ವರ್ಷ. ಸ್ವಿಚ್ ಮಾರುಕಟ್ಟೆಗೆ ಬಂದು ನಾಲ್ಕು ದಶಕ ದಾಟಿತ್ತು.

ಲಾಭ ಯಾರ ಖಾತೆಗೆ ಎಂಬುದು ನಮ್ಮ ರೂಮಿನಲ್ಲೂ ಕೇಳಬೇಕಾದ ಪ್ರಶ್ನೆ. ಬಾಡಿಗೆ ‘ಕರೆಂಟ್ ಸೇರಿ’ ಎಂದಿದ್ದರೆ ಇನ್ವರ್ಟರ್ ಎಸಿಯ ಉಳಿತಾಯವೆಲ್ಲ ಕಟ್ಟಡದ ಮಾಲೀಕರಿಗೆ. ಅಂಥ ಕಡೆ ನಿಮ್ಮ ದುಡ್ಡಿನಲ್ಲಿ ದುಬಾರಿ ಎಸಿ ಕೊಳ್ಳುವುದು ಬೇಡ. ಬಿಲ್ ನಿಮ್ಮ ಹೆಸರಿನಲ್ಲಿ ಬರುತ್ತಿದ್ದರೆ ಸರಳ ಲೆಕ್ಕ ಮಾಡಿ. ಉದಾಹರಣೆಗೆ ಸಾಮಾನ್ಯ ಎಸಿಗಿಂತ ಇನ್ವರ್ಟರ್ ಎಸಿ 400 ದಿರ್ಹಮ್ ಹೆಚ್ಚು, ತಿಂಗಳಿಗೆ 40 ದಿರ್ಹಮ್ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಲ್ಲಿ ಹೆಚ್ಚಿನ ದುಡ್ಡು ವಾಪಸ್, ಆಮೇಲೆ ಬಂದದ್ದೆಲ್ಲ ಲಾಭ. ನಿಮ್ಮ ವೀಸಾ ಅವಧಿ ಅದಕ್ಕಿಂತ ಉದ್ದ ಇದೆಯಾ ನೋಡಿಕೊಳ್ಳಿ. ಬಾಗಿಲು ತೆರೆದಿಟ್ಟು, ಫಿಲ್ಟರ್ ತೊಳೆಯದೆ, 16 ಡಿಗ್ರಿಯಲ್ಲಿ ಇಟ್ಟರೆ ಇನ್ವರ್ಟರ್ ಎಸಿಯೂ ಇಡೀ ದಿನ ಪೂರ್ತಿ ವೇಗದಲ್ಲೇ ಓಡುತ್ತದೆ. ವೇಗ ಇಳಿಸುವ ಅವಕಾಶ ಸಿಕ್ಕರೆ ಮಾತ್ರ ಆ ಆರು ಸ್ವಿಚ್‌ಗಳು ನಿಮಗೆ ದುಡ್ಡು ಉಳಿಸುತ್ತವೆ.

ಎಸಿ, ಎಲೆಕ್ಟ್ರಿಕಲ್, ವೆಲ್ಡಿಂಗ್ ಕೆಲಸದಲ್ಲಿರುವ ತಮ್ಮಂದಿರಿಗೆ ಕೊನೆಯ ಮಾತು. ಐಪಿಎಂ ಹೋಗಿದೆ ಎಂದು ಬೋರ್ಡ್ ಬದಲಿಸಿ ಸುಮ್ಮನಾಗಬೇಡಿ. ಅದು ಯಾಕೆ ಹೋಯಿತು, ಹೀಟ್‌ಸಿಂಕ್ ಪೇಸ್ಟ್ ಒಣಗಿತ್ತಾ, ಫ್ಯಾನ್ ನಿಂತಿತ್ತಾ, ವೋಲ್ಟೇಜ್ ಏರಿತ್ತಾ ಎಂದು ಕಲಿಯಿರಿ. ಗ್ಯಾಸ್ ತುಂಬಿಸುವವರು ನೂರು ಜನ ಸಿಗುತ್ತಾರೆ, ಇನ್ವರ್ಟರ್ ಬೋರ್ಡ್ ಅರ್ಥವಾದವರು ಹತ್ತು ಜನವೂ ಸಿಗುವುದಿಲ್ಲ. ಕಂಪನಿ ಕೈಬದಲಾದರೆ ಟೂಲ್‌ಬಾಕ್ಸ್ ಸ್ಟೋರಿಗೆ ಹಿಂತಿರುಗಿಸಬೇಕು, ಯೂನಿಫಾರ್ಮ್ ಹಿಂತಿರುಗಿಸಬೇಕು. ಕಲಿತ ಕೆಲಸವನ್ನು ಮಾತ್ರ ಯಾವ ಕಂಪನಿಯೂ ವಾಪಸ್ ಕೇಳುವುದಿಲ್ಲ. ಜಾಲಹಳ್ಳಿಯಲ್ಲಿ ಬೆಳೆದ ಹುಡುಗ ನಲವತ್ತರ ವಯಸ್ಸಿನಲ್ಲಿ ಸ್ಕೆನೆಕ್ಟಡಿ ಬಿಟ್ಟು ಹೊರಟಾಗ ಅವರ ಜೊತೆಗೆ ಹೋದದ್ದೂ ಅದೇ.